ಮಳೆಗಾಲದ ಬೀಡಿ

ಸಿಗಾರ್ ಸೇದುವವರು ಹವಾಮಾನದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಆ ಜ್ಞಾನವೆಲ್ಲ ಬೀಡಿ ಸೇದುವ ಮುದುಕರ ಬೆರಳಲ್ಲಿದೆ.

ಬೀಡಿಯದು ಸಿಗರೇಟಿನ ಸ್ವಭಾವವಲ್ಲ. ಸುತ್ತಿದ ತೆಂದು ಎಲೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ. ಎಳೆಯುತ್ತ ಇರದಿದ್ದರೆ ತಾನಾಗಿ ಆರಿಹೋಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಎಲೆ ಮೆತ್ತಗಾಗಿ ಹೊತ್ತಿಕೊಳ್ಳುವುದೇ ಇಲ್ಲ. ನಮ್ಮ ಕಾಕಾ ಆಗ ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಅಂಚಿಗೆ ನಾಲ್ಕು ಬೀಡಿ ಸಾಲಾಗಿ ಇಡುತ್ತಿದ್ದ. ಒಂದನ್ನೆತ್ತಿ ಕಿವಿಯ ಹತ್ತಿರ ಹೊರಳಿಸಿ ಸಪ್ಪಳ ಕೇಳುತ್ತಿದ್ದ. ಗರಗರ ಅಂದರೆ ಸೈ. ಇಲ್ಲದಿದ್ದರೆ, 'ಇನ್ನಾ ತಂಪದ ತಮ್ಮಾ, ಕಾಯ್ಲಿ ತಡಿ.'

ಮೇ ತಿಂಗಳ ಕಥೆ ಬೇರೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಎಲೆ ಒಣಗಿ ಬಿರಿಯುತ್ತದೆ, ಹೊಗೆ ಗಂಟಲು ಸುಡುತ್ತದೆ. ಕಾಕಾ ಬೇವಿನ ನೆರಳಲ್ಲಿ ಕೂತರೂ ಬೀಡಿ ಮುಟ್ಟುತ್ತಿರಲಿಲ್ಲ. ಭೀಮೆಯ ಕಡೆಯಿಂದ ಸಂಜೆಗಾಳಿ ಬರಬೇಕು.

ಆದರೆ ರುಚಿಯ ಹೊತ್ತೆಂದರೆ ಎಳ್ಳ ಅಮಾವಾಸ್ಯೆಯ ಆಸುಪಾಸಿನ ನಸುಕು. ಎರೆಹೊಲದ ಬಿಳಿಜೋಳದ ಮೇಲೆ ಇಬ್ಬನಿ, ಕೈಯಲ್ಲಿ ಚಹಾ. ಬಾಯಿಯ ಉಗಿ ಯಾವುದು, ನಿಪ್ಪಾಣಿ ತಂಬಾಕಿನ ಹೊಗೆ ಯಾವುದು, ಗುರುತು ಸಿಗುತ್ತಿರಲಿಲ್ಲ. ಸಿಗಾರಿನವರು ಬೇಕಾದ್ದು ಹೇಳಲಿ, ಅದಕ್ಕೆ ಸಾಟಿಯಿಲ್ಲ ಎಂದೇ ನನ್ನೆಣಿಕೆ, ನಾನು ಸೇದದವನಾದರೂ.

ಕಾಕಾನ ಕೆಮ್ಮು ಮಾತ್ರ ಹವಾಮಾನ ನೋಡಲಿಲ್ಲ. ಹನ್ನೆರಡೂ ತಿಂಗಳು ಇತ್ತು.