ಅಭಯಪತ್ರವಿದೆ, ಅಭ್ಯಾಸವಿಲ್ಲ

ಗುಡ್ ಸಮರಿಟನ್ ಕಾಯ್ದೆಯ ಮಾತು ಬಂದರೆ ನಮ್ಮವರ ಎದೆ ಉಬ್ಬುತ್ತದೆ. ರಸ್ತೆ ಅಪಘಾತದಲ್ಲಿ ನೆರವಿಗೆ ಬಂದವರ ರಕ್ಷಣೆಗೆ ತನ್ನದೇ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. 2016ರ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪು, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ, 2020ರ ನಿಯಮಗಳು ಇವೆಲ್ಲ ಓದುಗರಿಗೆ ಗೊತ್ತಿರುವ ಕಥೆಯೇ. ಕಾಯ್ದೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಸಿಕ್ಕಿರುವ ಕೀರ್ತಿಯಲ್ಲಿ ಮುಕ್ಕಾಲು ಪಾಲು ಸಾಲದ್ದು.

ಮೊದಲು ಒಂದು ಹಳೆಯ ಜಗಳ. 2017ರ ಜನವರಿ ಕೊನೆಯಲ್ಲಿ ಮೈಸೂರಿನ ಬಳಿ ಪೊಲೀಸ್ ಜೀಪು ಬಸ್ಸಿಗೆ ಡಿಕ್ಕಿಯಾಗಿ ಇನ್‌ಸ್ಪೆಕ್ಟರ್ ಮತ್ತು ಚಾಲಕ ಇಬ್ಬರೂ ಸತ್ತರು. ವಾರ ತುಂಬುವ ಮೊದಲೇ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟ ಹುಡುಗನೊಬ್ಬ ಬಸ್ಸಿಗೆ ಸಿಕ್ಕಿ ಸತ್ತ. ಎರಡೂ ಕಡೆ ಜನ ಮೊಬೈಲ್ ಹಿಡಿದು ನಿಂತಿದ್ದರೆಂದು ವರದಿಯಾಯಿತು. ಮಾನವೀಯತೆ ಸತ್ತೇ ಹೋಯಿತೆಂದು ಅಂಕಣಗಳು ಗೋಳಿಟ್ಟವು. ಸ್ವಲ್ಪ ಓದಿಕೊಂಡವರು 1968ರಲ್ಲಿ ಲತಾನೆ ಮತ್ತು ಡಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗಗಳನ್ನು ಎಳೆದು ತಂದರು: ನೋಡುವವರು ಹೆಚ್ಚಾದಷ್ಟೂ ಮುಂದೆ ಬರುವವರು ಕಡಿಮೆಯಂತೆ. ಅವುಗಳಲ್ಲಿ ಹೆಚ್ಚು ಹೆಸರಾದ ಪ್ರಯೋಗದಲ್ಲಿದ್ದವರು ಬೇರೆ ಬೇರೆ ಕೋಣೆಗಳಲ್ಲಿ ಕೂತು ಇಂಟರ್‌ಕಾಂನಲ್ಲಿ ದನಿ ಕೇಳಿಸಿಕೊಂಡವರು. ಮೈಸೂರಿನ ಹಿನಕಲ್ ಸರ್ಕಲ್ಲಿನ ಜನಕ್ಕೂ ಅವರಿಗೂ ಎಲ್ಲಿಯ ಸಂಬಂಧ? ಇಲ್ಲಿ ಸ್ಕೂಟರ್ ಬಿದ್ದ ಸದ್ದಿಗೆ ಟೀ ಅಂಗಡಿಯವರು, ಆಟೋದವರು, ಹೂ ಮಾರುವವರು ಎಲ್ಲರೂ ಓಡಿ ಬರುತ್ತಾರೆ. ಒಬ್ಬರು ಗಾಯಾಳುವಿನ ಬಾಯಿಗೆ ನೀರು ಸುರಿಯುತ್ತಾರೆ, ಇಬ್ಬರು ರಟ್ಟೆ ಹಿಡಿದು ಕೂರಿಸುತ್ತಾರೆ, ಮತ್ತೊಬ್ಬರು ಹೆಲ್ಮೆಟ್ ಕಿತ್ತೆಳೆಯುತ್ತಾರೆ, ಉಳಿದವರು ಕಾರಿನವನಿಗೆ ಗೂಸಾ ಕೊಡಲು ಹೊರಡುತ್ತಾರೆ. ಜನ ಬರುವುದಿಲ್ಲ ಎನ್ನುವುದು ದೂರದಲ್ಲಿ ಕೂತು ಬರೆದವರ ಮಾತು. ಬಂದವರಿಗೆ ಏನು ಮಾಡಬೇಕೆಂದು ತಿಳಿಯದು. ಮೊಬೈಲ್ ಎತ್ತುವವರಲ್ಲೂ ಎಷ್ಟೋ ಮಂದಿ, ಕೈಗೆ ಬೇರೇನೂ ಕೆಲಸ ತೋಚದೆ ಎತ್ತುವವರೇ.

ಇನ್ನೊಂದು ಪಂಗಡ ಪೊಲೀಸರ ಭಯವೇ ಎಲ್ಲಕ್ಕೂ ಕಾರಣ ಎನ್ನುತ್ತದೆ. ಆ ಭಯ ಸುಳ್ಳಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಬರೆಯುವಾಗ ಕರೆತಂದವರ ಹೆಸರು ಕೇಳಿದರೆ ಸಾಕು, ಆಟೋದವನ ಕಣ್ಣಿಗೆ ಠಾಣೆ, ಸಮನ್ಸ್, ಕಳೆದುಹೋಗುವ ದಿನದ ಬಾಡಿಗೆ ಎಲ್ಲ ಒಟ್ಟಿಗೆ ಕಾಣುತ್ತವೆ. 2020ರ ನಿಯಮಗಳು ಇದಕ್ಕೆ ಮದ್ದು ಕೊಟ್ಟಿವೆ: ಹೆಸರು, ವಿಳಾಸ ಹೇಳುವಂತೆ ಬಲವಂತ ಮಾಡುವಂತಿಲ್ಲ, ತಾನಾಗಿ ಸಾಕ್ಷಿಯಾಗಲು ಒಪ್ಪಿದವರನ್ನು ಅವರಿಗೆ ಅನುಕೂಲವಾದ ಜಾಗದಲ್ಲೇ, ಮಫ್ತಿಯಲ್ಲಿ ಹೋಗಿ ವಿಚಾರಿಸಬೇಕು. ಮಫ್ತಿಯ ಮಾತು ಬರೆದವರು ಬೀದಿ ಬಲ್ಲವರು. ಮನೆ ಮುಂದೆ ಖಾಕಿ ನಿಂತರೆ ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಆದರೆ ಇಡೀ ಕಟ್ಟಡ ನಿಂತಿರುವುದು 134ಎ ಮೇಲೆ. ನೆರವು ನೀಡುವಾಗ ಏನೋ ಮಾಡುವುದರಲ್ಲಾಗಲಿ, ಮಾಡದೆ ಬಿಡುವುದರಲ್ಲಾಗಲಿ ಆದ ಅಲಕ್ಷ್ಯದಿಂದ ಗಾಯಾಳುವಿಗೆ ಪೆಟ್ಟಾದರೂ ಸಾವಾದರೂ, ನೆರವಿಗೆ ಬಂದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ ಎನ್ನುತ್ತದೆ ಅದು. ಈ ಸಾಲನ್ನು ಹೊಗಳುವವರು ನಿಧಾನವಾಗಿ ಓದಿಲ್ಲ. ಬಂದವರು ತಪ್ಪು ಮಾಡಿಯೇ ಮಾಡುತ್ತಾರೆಂದು ಕಾನೂನು ಲೆಕ್ಕ ಹಾಕಿದೆ, ಆ ತಪ್ಪು ಜೀವ ತೆಗೆಯಬಲ್ಲದೆಂಬುದೂ ಅದಕ್ಕೆ ಗೊತ್ತಿದೆ. ಗೊತ್ತಿದ್ದೂ ಮಾಡಿದ್ದು ಕ್ಷಮೆ ಒಂದೇ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು: ಕ್ಷಮೆ ಇದೆ. ಕತ್ತಿನ ಮೂಳೆ ಮುರಿದವರನ್ನು ಕೈಕಾಲು ಹಿಡಿದು ಆಟೋದೊಳಗೆ ಮಡಚಿ ತುರುಕಿದರೆ ಬೆನ್ನುಹುರಿ ಹೋಗಬಹುದು: ಕ್ಷಮೆ ಇದೆ. ಬಿದ್ದವರಿಗೆ ಈ ಕ್ಷಮೆಯಿಂದ ಏನು ಸಿಕ್ಕಿತು? ತಪ್ಪು ಕಡಿಮೆಯಾಗುವ ದಾರಿಯ ಬಗ್ಗೆ ಕಲಂನಲ್ಲಿ ಒಂದಕ್ಷರವಿಲ್ಲ.

ಅದೇ ಕಲಂ ಪ್ರತಿಫಲ ಬಯಸದೆ ಬಂದವನೇ ಗುಡ್ ಸಮರಿಟನ್ ಎನ್ನುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಅವನಿಗೇ 5,000 ರೂಪಾಯಿ ಬಹುಮಾನ ಇಟ್ಟಿತು. 2025ರಲ್ಲಿ ಅದು 25,000 ಆಯಿತು. ಹೆಸರು ಹೇಳಬೇಕಿಲ್ಲವೆಂದು ಧೈರ್ಯ ಕೊಟ್ಟ ಸರ್ಕಾರ, ಬಹುಮಾನ ಬೇಕಿದ್ದರೆ ಹೆಸರು, ವಿಳಾಸ, ಮೊಬೈಲ್ ನಂಬರನ್ನು ಪೊಲೀಸರ ಪತ್ರದಲ್ಲಿ ಬರೆಸಿ ಜಿಲ್ಲಾ ಸಮಿತಿಗೆ ಕಳಿಸು ಎನ್ನುತ್ತದೆ. ಒಬ್ಬ ಗಾಯಾಳುವನ್ನು ಹಲವರು ಉಳಿಸಿದರೆ ಹಣ ಸಮನಾಗಿ ಹಂಚಿಕೆ. ನಮ್ಮಲ್ಲಿ ಒಬ್ಬರೇ ಎತ್ತಿದ ಗಾಯಾಳು ಎಲ್ಲಾದರೂ ಉಂಟೇ! ರಕ್ತವಾದ ಸೀಟು ತೊಳೆಸಿದ ಆಟೋದವನ ಖರ್ಚು ಮಾತ್ರ ಯಾವ ತಲೆಬರಹದಲ್ಲೂ ಬರುವುದಿಲ್ಲ.

2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ದೊಡ್ಡ ಉಪಕಾರವೇ. ಆದರೂ ಅದು ಬರುವ ತನಕದ ನಿಮಿಷಗಳು ಸುತ್ತ ನಿಂತವರ ಕೈಯಲ್ಲೇ ಇರುತ್ತವೆ. ಆಗ ಮಾಡಬೇಕಾದ್ದು ಬಹಳವಿಲ್ಲ. ರಕ್ತ ಚಿಮ್ಮುವ ಜಾಗಕ್ಕೆ ಒಗೆದ ಟವೆಲ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ನೋಡೋಣವೆಂದು ಪದೇ ಪದೇ ಎತ್ತಬಾರದು. ಉಸಿರಾಡುತ್ತಿದ್ದರೆ ತಲೆ, ಕತ್ತು ಅಲುಗದಂತೆ ನೋಡಿಕೊಳ್ಳಬೇಕು. ಬಾಯಿಗೆ ಏನೂ ಹಾಕಬಾರದು. ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿದ್ಯೆ ಇದು, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕಾದದ್ದು ಕೂಡ. ಆಸ್ಪತ್ರೆ ಬಾಗಿಲಲ್ಲಿ ಹಕ್ಕುಗಳ ಫಲಕ ತೂಗುಹಾಕಬೇಕೆಂದು ನಿಯಮ ಮಾಡಿದವರಿಗೆ ಈ ಮಧ್ಯಾಹ್ನ ಹೊಳೆಯಲೇ ಇಲ್ಲ.

ಹಳೆಯ ಕಾನೂನಿಗೆ ಇದು ಹೊಳೆದಿತ್ತು, ಅದನ್ನು ಹೊಗಳುವವರಿಲ್ಲ. ಕಂಡಕ್ಟರ್ ಲೈಸೆನ್ಸಿಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಬೇಕು. ಡ್ರೈವಿಂಗ್ ಸ್ಕೂಲುಗಳ ಪಠ್ಯದಲ್ಲೂ ಪ್ರಥಮ ಚಿಕಿತ್ಸೆ ಸೇರಿದೆ. ಆದರೆ ಆರ್‌ಟಿಒ ಮೈದಾನದಲ್ಲಿ ಕಾಲು ನೆಲಕ್ಕೆ ತಾಗದಂತೆ ಎಂಟು ಹಾಕಿದವರಿಗೆ ಲೈಸೆನ್ಸ್ ಸಿಗುತ್ತದೆ. ರಕ್ತ ನಿಲ್ಲಿಸುವುದು ಹೇಗೆಂದು ಅಲ್ಲಿ ಯಾರೂ ಕೇಳುವುದಿಲ್ಲ.