ಬೋರ್ಡು ನೋಡಿ ದುಡ್ಡು ಹಾಕಿ

ಹಳೆಯ ಡೆಸ್ಕ್‌ಟಾಪ್‌ಗೆ ಬಿಡಿಭಾಗ ಹಾಕಿಸುವುದೋ, ಹೊಸದನ್ನೇ ಕೊಳ್ಳುವುದೋ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ಕ್ಯಾಬಿನೆಟ್ ತೆಗೆದು ಮದರ್‌ಬೋರ್ಡಿನ ಮೇಲಿನ ಹೆಸರು ಓದಿಕೊಳ್ಳಿ ಎಂದು. ಆ ಬೋರ್ಡಿಗೆ ಇನ್ನೇನು ಕೂರುತ್ತದೆ? ಇಂದು ಕೊಂಡ ಭಾಗವನ್ನು ನಾಳೆ ಬಿಚ್ಚಿ ಹೊಸ ಮಷೀನಿಗೆ ಹಾಕಬಹುದೇ? ಮಷೀನಿನ ವಯಸ್ಸಿಗಿಂತ ಈ ಎರಡು ಪ್ರಶ್ನೆ ಮುಖ್ಯ.

2013ರಲ್ಲಿ ಬಂದ ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಮಷೀನನ್ನೇ ತೆಗೆದುಕೊಳ್ಳಿ. ಆನ್ ಮಾಡಿ ಕಾಫಿ ಕುಡಿದು ಬಂದರೂ ಅದು ತೆರೆದಿರುವುದಿಲ್ಲ ಎಂಬ ದೂರು ಸಾಮಾನ್ಯ. ತಪ್ಪು ಹೆಚ್ಚಾಗಿ ಪ್ರೊಸೆಸರಿನದಲ್ಲ, ಹಾರ್ಡ್ ಡಿಸ್ಕಿನದು. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕು. ತಿರುಗುವ ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಹೆಡ್ ಜಾಗ ಹುಡುಕಿ ಹೋಗಲು ಹತ್ತು ಮಿಲಿಸೆಕೆಂಡಿನಷ್ಟು ಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಾಗಾಗಿ ಮೊದಲ ದುಡ್ಡು ಸಾಟಾ ಎಸ್‌ಎಸ್‌ಡಿಗೆ. ಮಷೀನು ನಾಳೆ ಕೆಟ್ಟರೂ ಅದು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ರ್ಯಾಮಿನ ಮಾತು ಬೇರೆ. ಈ ಮಷೀನಿನ ಡಿಡಿಆರ್3 ಪಟ್ಟಿ ಮುಂದಿನ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಕಚ್ಚಿನ ಜಾಗ ಬೇರೆ, ವೋಲ್ಟೇಜೂ ಬೇರೆ. ನಾಲ್ಕು ಜಿಬಿ ಇದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್‌ಹ್ಯಾಂಡ್ ಪಟ್ಟಿ ತಂದು ಎಂಟು ಮಾಡಿಕೊಳ್ಳಿ, ಅಲ್ಲಿಗೆ ಸಾಕು. ಅದೇ ಸಾಕೆಟ್ಟಿಗೆ ಹಳೆಯ ಐ7 ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರಂತೂ ಒಂದು ರೂಪಾಯಿಯನ್ನೂ ಹಾಕಬೇಡಿ.

ಎಎಂಡಿಯ ಎಎಂ4 ಬೋರ್ಡು ಇರುವವರು ಮಾತ್ರ ಪುಣ್ಯವಂತರು. 2017ರಲ್ಲಿ ಮೊದಲ ರೈಜನ್ ಜೊತೆ ಬಂದ ಬಿ350 ಬೋರ್ಡುಗಳಲ್ಲಿ ಎಷ್ಟೋ ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5000 ಸರಣಿಯನ್ನೂ ಒಪ್ಪುತ್ತವೆ. ಒಂದೇ ಸಾಕೆಟ್ಟಿಗೆ ಇಷ್ಟು ದೀರ್ಘ ಬಾಳ್ವೆ ಕೊಟ್ಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹಳೆಯ ಚಿಪ್ ತೆಗೆಯುವ ಮೊದಲೇ ಅಪ್‌ಡೇಟ್ ಮುಗಿಸಿಕೊಳ್ಳಿ, ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡು ಏಳದೇ ಹೋಗಬಹುದು.

ಉಳಿದದ್ದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ. ಬ್ಯಾಂಕ್ ವ್ಯವಹಾರ ಮಾಡುವ ಮಷೀನಿಗೆ ಅದು ಬೇಡ. ಓದು, ಬರಹ, ಬ್ರೌಸಿಂಗ್ ಅಷ್ಟೇ ಆದರೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ಅದರಲ್ಲಿ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಕೆಜಿಪಿ ಕೀಲಿಮಣೆಯಲ್ಲೇ ಕನ್ನಡ ಟೈಪ್ ಮಾಡಬಹುದು. ಟ್ಯಾಲಿ, ನುಡಿಯಂಥ ವಿಂಡೋಸ್ ತಂತ್ರಾಂಶಗಳ ಮೇಲೆ ದಿನದ ಕೆಲಸ ನಿಂತಿದ್ದರೆ ಮಷೀನು ಬದಲಿಸಿ.

ಬದಲಿಸುವುದೆಂದರೆ ಹೊಸದೇ ಆಗಬೇಕಿಲ್ಲ. ಕಂಪನಿಗಳು ಬಳಸಿ ಬಿಟ್ಟ, 2018ರ ಐ5-8500 ಇರುವ ರೀಫರ್ಬಿಶ್ಡ್ ಡೆಸ್ಕ್‌ಟಾಪ್ ಆರು ಕೋರಿನದು, ವಿಂಡೋಸ್ 11ಕ್ಕೆ ಅರ್ಹವಾದದ್ದು. ಬಿಲ್ಲು, ವಾರಂಟಿ ಕೇಳಿ ಪಡೆಯಿರಿ. ಎಸ್‌ಎಂಪಿಎಸ್ ಕೆಟ್ಟರೆ ಬದಲಿ ಸಿಗುತ್ತದೆಯೇ ವಿಚಾರಿಸಿ, ಬ್ರಾಂಡೆಡ್ ಮಷೀನುಗಳಲ್ಲಿ ಅದರ ಅಳತೆ, ಕನೆಕ್ಟರು ಎಷ್ಟೋ ಸಲ ಬೇರೆಯೇ ಇರುತ್ತವೆ. ಡಿಸ್ಕಿಲ್ಲದೆ ಕೊಟ್ಟರೆ ಬೆಲೆ ಇಳಿಸಲು ಹೇಳಿ. ನಿಮ್ಮ ಎಸ್‌ಎಸ್‌ಡಿ ಇದ್ದೇ ಇದೆ.