ಕೆಟ್ಟವರು ಅಂತ ಹೆಸರಿಟ್ಟರೆ ಮುಗೀತಾ?

ಈಗೀಗ ಬೆಂಗಳೂರಿನ ಯಾವ ಆಫೀಸಿನ ಕೆಫೆಟೇರಿಯಾದಲ್ಲಿ ಕೂತರೂ ಒಂದು ಪದ ಕಿವಿಗೆ ಬಿದ್ದೇ ಬೀಳುತ್ತೆ. ನಾರ್ಸಿಸಿಸ್ಟ್! ರೇಟಿಂಗ್ ಕಡಿಮೆ ಕೊಟ್ಟ ಮ್ಯಾನೇಜರ್ ನಾರ್ಸಿಸಿಸ್ಟ್, ಬಿಟ್ಟು ಹೋದ ಹುಡುಗ ನಾರ್ಸಿಸಿಸ್ಟ್, ಹಟ ಹಿಡಿದ ಅತ್ತೆಯೂ ನಾರ್ಸಿಸಿಸ್ಟ್. ನಮ್ಮೂರ ಕಡೆ ಇಂಥವರ ಬಗ್ಗೆ "ಅವನಿಗೆ ತಾನು ಅನ್ನೋದು ಜಾಸ್ತಿ" ಅಂದು ಸುಮ್ಮನಾಗ್ತಿದ್ರು. ಈಗ ಅದಕ್ಕೆ ಕಾಯಿಲೆಯ ಹೆಸರು ಸಿಕ್ಕಿದೆ. ಹೆಸರು ಸಿಕ್ಕ ಕೂಡಲೇ ಎಲ್ಲ ಅರ್ಥ ಆಯ್ತು ಅನ್ಸುತ್ತೆ. ನಿಜವಾಗಿ ಆಗಿದೆಯಾ?

ಈ ಪ್ರಶ್ನೆ ಇಟ್ಟುಕೊಂಡು ಓದಬೇಕಾದ ಪುಸ್ತಕ ಎಂ. ಸ್ಕಾಟ್ ಪೆಕ್ ಅವರ 'ಪೀಪಲ್ ಆಫ್ ದ ಲೈ'. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಪೆಕ್ ಮನೋವೈದ್ಯರು. 1978ರ 'ದ ರೋಡ್ ಲೆಸ್ ಟ್ರಾವೆಲ್ಡ್' ಅವರಿಗೆ ಹೆಸರು ತಂದಿತು. ಅದಾದ ಮೇಲೆ, ನಲವತ್ತು ದಾಟಿದ ಮೇಲೆ, ಅವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಹಾಗಾಗಿ ಈ ಪುಸ್ತಕದಲ್ಲಿ ಒಂದೇ ಕುರ್ಚಿ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬ ಡಾಕ್ಟರು, ಇನ್ನೊಬ್ಬ ಹೊಸ ವಿಶ್ವಾಸಿ. ಪುಸ್ತಕದ ಬಲವೂ ಅದೇ, ತೊಂದರೆಯೂ ಅದೇ.

ಪುಸ್ತಕದ ಜೀವಾಳ ಬಾಬಿ ಅನ್ನೋ 15 ವರ್ಷದ ಹುಡುಗನ ಕಥೆ. ಅವನ ಅಣ್ಣ ಬಂದೂಕಿನಿಂದ ಗುಂಡು ಹೊಡ್ಕೊಂಡು ಸತ್ತಿದ್ದಾನೆ. ಆಮೇಲೆ ಬಾಬಿ ಮಂಕಾಗಿ, ಕಾರು ಕದ್ದು, ಅಪಘಾತ ಮಾಡಿ, ಕೊನೆಗೆ ಆಸ್ಪತ್ರೆ ಸೇರಿದ್ದಾನೆ. ಕ್ರಿಸ್‌ಮಸ್‌ಗೆ ಅಪ್ಪ ಅಮ್ಮ ಏನು ಕೊಟ್ರು ಅಂತ ಡಾಕ್ಟರು ಕೇಳ್ತಾರೆ. ಬಂದೂಕು ಅಂತಾನೆ ಹುಡುಗ. ಅಣ್ಣ ಇಟ್ಟುಕೊಂಡಿದ್ದಂಥದ್ದಾ? ಅಂಥದ್ದಲ್ಲ, ಅದೇ ಬಂದೂಕು.

ತಂದೆ ತಾಯಿಯನ್ನ ಕರೆಸಿ ಕೇಳಿದರೆ, ಇದರಲ್ಲಿ ತಪ್ಪೇನಿದೆ ಅಂತಾನೇ ಅವರಿಗೆ ತಿಳಿಯಲ್ಲ. ನೋಡೋಕೆ ದುಡಿದು ತಿನ್ನೋ ಮರ್ಯಾದಸ್ಥರು. ಆ ಉಡುಗೊರೆ ಹುಡುಗನಿಗೆ ಏನು ಹೇಳ್ತಿದೆ ಅನ್ನೋ ಮಾತಿಗೆ ಬಂದರೆ ಮಾತ್ರ ಬಾಗಿಲು ದಢಾರ್ ಅಂತ ಮುಚ್ಚಿಕೊಳ್ಳುತ್ತೆ.

ಇಲ್ಲಿಂದ ಪೆಕ್ ತಮ್ಮ ವಾದ ಕಟ್ಟುತ್ತಾರೆ. ತಪ್ಪು ಎಲ್ಲರೂ ಮಾಡ್ತಾರೆ. ಕೆಲವರಿಗೆ ಮಾತ್ರ 'ನಾನು ತಪ್ಪು' ಅನ್ನೋ ನೋವನ್ನ ಒಂದು ಕ್ಷಣವೂ ತಡ್ಕೊಳ್ಳೋಕೆ ಆಗಲ್ಲ. ಅದರಿಂದ ತಪ್ಪಿಸಿಕೊಳ್ಳಲು ಅವರು ಸುಳ್ಳು ಹೇಳ್ತಾರೆ, ಮೊದಲು ತಮಗೇ ಹೇಳ್ಕೋತಾರೆ. ಆಮೇಲೆ ಆ ತಪ್ಪನ್ನ ಹತ್ತಿರದಲ್ಲಿ ಯಾರು ದುರ್ಬಲರಿದ್ದಾರೋ ಅವರ ತಲೆಗೆ ಕಟ್ಟುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲದ ಜಾಗದಲ್ಲಿ ಮಗ ಇದ್ದಾನೆ. ಎರಿಕ್ ಫ್ರಾಮ್ ಬಳಸಿದ 'ಮ್ಯಾಲಿಗ್ನಂಟ್ ನಾರ್ಸಿಸಿಸಂ' ಅನ್ನೋ ಪದವನ್ನ, ಅಂದ್ರೆ ಕ್ಯಾನ್ಸರಿನ ಹಾಗೆ ಹಬ್ಬೋ ಆತ್ಮರತಿಯನ್ನ, ಪೆಕ್ ಇದಕ್ಕೆ ಹೊಂದಿಸುತ್ತಾರೆ. ಇಲ್ಲೀವರೆಗೆ ಪುಸ್ತಕ ಅದ್ಭುತ. ಮೀಟಿಂಗಿನಲ್ಲಿ ಯಾರೋ ಮಾಡಿದ ಎಡವಟ್ಟು ಹೊಸದಾಗಿ ಸೇರಿದ ಹುಡುಗಿಯ ಹೆಸರಿಗೆ ಬೀಳೋದನ್ನ ನೋಡಿದವರಿಗೆ ಈ ಪುಟಗಳು ಥಟ್ಟನೆ ಅರ್ಥ ಆಗ್ತವೆ.

ಪೆಕ್ ಇಲ್ಲಿಗೆ ನಿಲ್ಲಿಸಲ್ಲ. ಇಂಥವರನ್ನ 'ದುಷ್ಟರು' ಅಂತಾನೇ ಕರೆದು, ದುಷ್ಟತನವನ್ನ ವೈದ್ಯಕೀಯ ರೋಗನಿರ್ಣಯಗಳ ಪಟ್ಟಿಗೆ ಸೇರಿಸಬೇಕು ಅಂತಾರೆ. ಇಲ್ಲಿ ನನ್ನ ತಕರಾರು ಶುರು.

ಮೊದಲನೆಯದು, ಸಾಕ್ಷಿಯ ಪ್ರಶ್ನೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಸೇರಿದ್ದು 1980ರಲ್ಲಿ. ಇವತ್ತಿನ ಡಿಎಸ್‌ಎಂ-5ರ ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅದೂ ಒಂದೆರಡು ಜಗಳದಲ್ಲಲ್ಲ. ಹರೆಯ ಕಳೆಯುವ ಹೊತ್ತಿಗೇ ಶುರುವಾಗಿ ಬದುಕಿನ ಎಲ್ಲ ಕಡೆಯೂ ಕಾಣಬೇಕು. ಪೆಕ್ ಆದರೋ ಕೆಲವೇ ಭೇಟಿಗಳಲ್ಲಿ ತೀರ್ಪು ಕೊಡ್ತಾರೆ. ಅಷ್ಟೇ ಅಲ್ಲ, ಎದುರಿಗಿದ್ದವರನ್ನ ಕಂಡು ಡಾಕ್ಟರಿಗೆ ಅಸಹ್ಯ ಹುಟ್ಟೋದೂ ಒಂದು ಸುಳಿವು ಅಂತಾರೆ. ನನ್ನ ಅಸಹ್ಯ ಇನ್ನೊಬ್ಬರ ಕೆಟ್ಟತನಕ್ಕೆ ಸಾಕ್ಷಿಯಾ? ನಮ್ಮ ಹಳ್ಳಿಗಳಲ್ಲಿ ಯಾರು ಯಾರನ್ನ ಕಂಡು ಅಸಹ್ಯಪಟ್ಟು ಊರಾಚೆ ಇಟ್ಟಿದ್ದರು ಅಂತ ನೆನೆಸಿಕೊಂಡರೆ ಈ ಸುಳಿವು ಎಷ್ಟು ಅಪಾಯದ್ದು ಅಂತ ಗೊತ್ತಾಗತ್ತೆ.

ಎರಡನೆಯದು, ಕಾರಣದ ಪ್ರಶ್ನೆ. ಅದೇ ಕಾಲದ ಇಬ್ಬರು ದೊಡ್ಡ ಮನೋವಿಶ್ಲೇಷಕರು ಈ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಚಿಕ್ಕಂದಿನಲ್ಲಿ ಸಿಗಬೇಕಾದ ಮೆಚ್ಚುಗೆ, ಸ್ಪಂದನೆ ಸಿಗದೆ ಬೆಳೆದ ಮನಸ್ಸು ದೊಡ್ಡಸ್ತಿಕೆಗೆ ಜೋತು ಬೀಳುತ್ತೆ ಅಂದವರು ಹೈನ್ಸ್ ಕೋಹುಟ್. ಒಳಗಿರೋ ಸಿಟ್ಟು, ಅಸೂಯೆಯನ್ನೂ ನೋಡಿ ಅಂದವರು ಆಟೋ ಕರ್ನ್‌ಬರ್ಗ್. ಇಬ್ಬರಿಗೂ ಜಗಳ ಇತ್ತು, ನಿಜ. ಇಬ್ಬರೂ ಕೇಳಿದ್ದು ಮಾತ್ರ 'ಇದು ಹೇಗಾಯ್ತು' ಅಂತ. 'ದುಷ್ಟ' ಅಂದುಬಿಟ್ಟರೆ ಆ ಪ್ರಶ್ನೆ ಅಲ್ಲಿಗೇ ಸಾಯುತ್ತೆ. ಸರ್ವರ್ ಬಿದ್ದಾಗ ಲಾಗ್ ನೋಡದೆ 'ಕೋಡೇ ಸರಿ ಇಲ್ಲ' ಅಂತ ಟಿಕೆಟ್ ಮುಚ್ಚಿದ ಹಾಗೆ.

ಮೂರನೆಯದು ಕ್ರೈಸ್ತ ದೃಷ್ಟಿಯಿಂದಲೇ ಏಳೋ ಪ್ರಶ್ನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಂದು ಸಾಮತಿ ಇದೆ. ಒಬ್ಬ ಫರಿಸಾಯ, ಒಬ್ಬ ಸುಂಕದವನು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗ್ತಾರೆ. ಫರಿಸಾಯ ತಾನು ಆ ಸುಂಕದವನ ಥರ ಇಲ್ಲವಲ್ಲ ಅಂತ ದೇವರಿಗೆ ವಂದನೆ ಹೇಳ್ತಾನೆ. ಸುಂಕದವನು ತಲೆ ಎತ್ತದೆ ಕರುಣೆ ಬೇಡ್ತಾನೆ. ನೀತಿವಂತನಾಗಿ ಮನೆಗೆ ಹೋದದ್ದು ಸುಂಕದವನೇ. ಈ ಕಥೆ ಓದಿ 'ಸದ್ಯ, ನಾನು ಆ ಫರಿಸಾಯನ ಥರ ಇಲ್ಲ' ಅಂದುಕೊಂಡರೆ ನಾವೇ ಫರಿಸಾಯ ಆಗಿಬಿಡ್ತೀವಿ! 'ನನ್ನ ಎಕ್ಸ್ ನಾರ್ಸಿಸಿಸ್ಟ್' ಅನ್ನೋ ಮಾತಿನಲ್ಲೂ ಇದೇ ಬಲೆ ಇದೆ. ಪೆಕ್‌ಗೆ ಇದು ಗೊತ್ತಿತ್ತು. ಈ ಪುಸ್ತಕ ಅಪಾಯಕಾರಿ, ಮೊದಲು ನಿಮ್ಮನ್ನೇ ನೋಡ್ಕೊಳ್ಳಿ ಅಂತ ಆರಂಭದಲ್ಲೇ ಎಚ್ಚರಿಸುತ್ತಾರೆ. 1995ರ 'ಇನ್ ಸರ್ಚ್ ಆಫ್ ಸ್ಟೋನ್ಸ್' ಪುಸ್ತಕದಲ್ಲಿ ತಮ್ಮ ದಾಂಪತ್ಯದಾಚೆಯ ಸಂಬಂಧಗಳನ್ನೂ ಒಪ್ಪಿಕೊಂಡರು. ಅದನ್ನ ಹಿಡಿದು ಅವರನ್ನ ಹಳಿಯೋದು ಸುಲಭ. ನನಗೆ ಅದರಿಂದ ತೋರೋದು ಬೇರೆ. ಒಳ್ಳೆಯವರು ಈ ಕಡೆ, ದುಷ್ಟರು ಆ ಕಡೆ ಅಂತ ಎಳೆದ ಗೆರೆ ಎಳೆದವರ ಮನೆಯೊಳಗೇ ಹಾದು ಹೋಗಿತ್ತು.

ಹಾಗಾದ್ರೆ ಯಾರನ್ನೂ ಏನೂ ಅನ್ನದೆ ಕ್ಷಮಿಸಿ ಸುಮ್ಮನಿರಬೇಕಾ? ಖಂಡಿತ ಇಲ್ಲ. ಕ್ಷಮೆಯ ಹೆಸರಲ್ಲಿ ನೊಂದವರನ್ನ ಮತ್ತೆ ಅದೇ ಮನೆಗೆ ಕಳಿಸೋ ಉಪದೇಶ ಎಲ್ಲ ಧರ್ಮಗಳಲ್ಲೂ ಇದೆ. ಸುವಾರ್ತೆ ಮಾತ್ರ ಅಷ್ಟು ಪೊಳ್ಳಲ್ಲ. ಮತ್ತಾಯನ 18ನೇ ಅಧ್ಯಾಯ ಓದಿ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು, ಆಗಲೂ ಕೇಳದಿದ್ರೆ ಸಭೆಗೆ ತಿಳಿಸು, ಅದಕ್ಕೂ ಬಗ್ಗದಿದ್ರೆ ಅವನನ್ನ ಹೊರಗಿನವನು ಅಂತ ತಿಳಿ. ನಮ್ಮ ಭಾಷೇಲಿ ಪಕ್ಕಾ ಎಸ್ಕಲೇಷನ್ ಮ್ಯಾಟ್ರಿಕ್ಸ್! ಇನ್ನು ಪಶ್ಚಾತ್ತಾಪ ಅಂದ್ರೇನು ಅಂತ ಬೇಕಾದ್ರೆ ಲೂಕನ 19ನೇ ಅಧ್ಯಾಯದ ಜಕ್ಕಾಯ ಇದ್ದಾನೆ. ಅವನೂ ಸುಂಕದವನೇ. ಸಾರಿ ಹೇಳಿ ಕಣ್ಣೀರು ಹಾಕಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂತ ಲೆಕ್ಕ ಹೇಳಿದ. ಕ್ಷಮಿಸೋದು ನನ್ನ ಮನಸ್ಸಿನ ಕೆಲಸ. ಮತ್ತೆ ನಂಬೋಕೆ ಎದುರಿನವರ ಕಡೆಯಿಂದ ಇಂಥ ಲೆಕ್ಕ ಬೇಕು.

ಮನಶ್ಶಾಸ್ತ್ರವೂ ಸುವಾರ್ತೆಯೂ ಇಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ತವೆ. ಈ ಮನುಷ್ಯನಿಗೆ ತನ್ನ ತಪ್ಪಿನ ನೋವನ್ನ ಹೊರೋಕೆ ಆಗುತ್ತಾ? ಪೆಕ್ ಈ ಪ್ರಶ್ನೆಯನ್ನ ನಮ್ಮ ಕೈಗಿಟ್ಟರು, ಅದಕ್ಕಾಗಿ ಪುಸ್ತಕ ಓದಲೇಬೇಕು. ಅವರು ಕೊಟ್ಟ ತೀರ್ಪನ್ನ ಮಾತ್ರ ಪಕ್ಕಕ್ಕಿಡಬಹುದು. ಯಾಕಂದ್ರೆ ಬಾಬಿಯ ಕಥೆ ಎಲ್ಲಿ ಮುಗೀತು ನೋಡಿ. ತಂದೆ ತಾಯಿ ಬದಲಾಗಲಿಲ್ಲ. ಅವರ ಮನಸ್ಸಿನೊಳಗೆ ಏನಿತ್ತು ಅಂತ ಯಾರಿಗೂ ಪೂರ್ತಿ ತಿಳಿಯಲಿಲ್ಲ. ಆದರೂ ಡಾಕ್ಟರು ಪಟ್ಟು ಹಿಡಿದು ಹುಡುಗನನ್ನ ಅವನ ಚಿಕ್ಕಮ್ಮನ ಮನೆಗೆ ಕಳಿಸಿದರು. ಅವನಿಗೆ ಬೇಕಾಗಿದ್ದು ಅಪ್ಪ ಅಮ್ಮನಿಗೆ ಒಂದು ಹೆಸರಲ್ಲ, ಬಂದೂಕಿಲ್ಲದ ಒಂದು ಮನೆ. ಅಂಥ ಮನೆಯಲ್ಲೋ ಅಂಥ ಟೀಮಿನಲ್ಲೋ ನೀವು ಸಿಕ್ಕಿಕೊಂಡಿದ್ರೆ ರೋಗದ ಹೆಸರು ಖಚಿತ ಆಗೋವರೆಗೆ ಕಾಯಬೇಡಿ. ಮೊದಲು ಚಿಕ್ಕಮ್ಮನ ಮನೆ ಎಲ್ಲಿದೆ ಅಂತ ಹುಡುಕಿ.